ರಸಿಕರ ಹೊತ್ತು, ಕೂಲಿಯವರ ಹೊತ್ತು

ಗೊರೂರು ರಾಮಸ್ವಾಮಿ ಅಯ್ಯಂಗಾರರ 'ನಮ್ಮ ಊರಿನ ರಸಿಕರು' ಓದಿ ನಾವೂ ನಕ್ಕಿದ್ದೇವೆ. ಆ ನಗುವಿನಲ್ಲಿ ಮೋಸವಿಲ್ಲ, ಬರೆದವರು ಗಾಂಧಿವಾದಿ. ಆದರೆ ಪುಸ್ತಕ ಮುಚ್ಚಿದ ಮೇಲೆ ಒಂದು ಪ್ರಶ್ನೆ ಕೊರೆಯುತ್ತದೆ. ಹೇಮಾವತಿ ದಂಡೆಯ ಊರಿನಲ್ಲಿ ಇಷ್ಟೊಂದು ಹೊತ್ತು ಯಾರ ಹತ್ತಿರ ಇತ್ತು? ಜಗಲಿ ಮೇಲೆ ಹರಟೆ ನಡೆವಾಗ ಗದ್ದೆಗೆ ನೀರು ಕಟ್ಟುತ್ತಿದ್ದವನು ಯಾರು?

ಜೀತದಾಳಿಗೆ ತನ್ನದು ಅನ್ನೋ ಹೊತ್ತೇ ಇರಲಿಲ್ಲ. ಅಪ್ಪ ಮದುವೆಗೆ ತಂದ ಸಾಲಕ್ಕೆ ಮಗ ದನ ಕಾಯಬೇಕು; ದುಡಿದ ದಿನವೆಲ್ಲ ಬಡ್ಡಿಗೆ ಜಮಾ, ಅಸಲು ಹಾಗೇ. 1976ರ ಕಾಯ್ದೆ ಆ ಸಾಲವನ್ನೇ ರದ್ದು ಮಾಡಿತು. ಕಳೆದ ವರ್ಷಗಳನ್ನು ಯಾವ ಕಾಯ್ದೆ ವಾಪಸು ಕೊಡುತ್ತೆ?

ಈ 'ರಸಿಕತೆ'ಯನ್ನೇ ವಿಚಾರಣೆಗೆ ಎಳೆಯಬೇಕು. ಉಳ್ಳವನು ಹೊತ್ತು ಕಳೆದರೆ ರಸಿಕತೆ, ಕಾಸು ಕಳೆದರೆ ಧಾರಾಳತನ. ನಮ್ಮವ್ವ ಜಾತ್ರೆಯಲ್ಲಿ ಬಳೆ ತೊಟ್ಟರೆ ದುಂದು. 2023ರ ಜೂನ್‌ನಲ್ಲಿ 'ಶಕ್ತಿ' ಯೋಜನೆ ಬಂದು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹೆಂಗಸರು ಟಿಕೆಟ್ಟಿಗೆ ಕಾಸು ಕೊಡದೆ ಹಾಸನದ ಬಸ್ ಹತ್ತಿದಾಗಲೂ ಅದೇ ಹಳೇ ರಾಗ: 'ಹೆಂಗಸ್ರು ಸುಮ್ನೆ ತಿರುಗ್ತಾವ್ರೆ.' ತಿರುಗ್ಲಿ ಬಿಡಿ! ಆಲೂಗೆಡ್ಡೆ ಹೊಲದಲ್ಲಿ ಬಗ್ಗಿದ ಸೊಂಟ ಒಂದಿನ ಕಿಟಕಿ ಪಕ್ಕ ಕೂತರೆ ಯಾರ ಗಂಟು ಹೋಯಿತು? ಗೃಹಲಕ್ಷ್ಮಿಯ 2000 ರೂಪಾಯಿ ಪೆಟ್ಟಿಗೆಯಲ್ಲಿ ಕೊಳೆಯುವುದಿಲ್ಲ. ಸಂತೆಯ ಸೊಪ್ಪಿನವಳಿಗೆ, ಚಪ್ಪಲಿ ಹೊಲಿಯುವವನಿಗೆ, ಚಿಲ್ಲರೆ ಅಂಗಡಿಗೆ ಹೋಗುತ್ತದೆ. ಅದೇ ಅಂಗಡಿಕಟ್ಟೆ ಮೇಲೆ ಕೂತು ಬೈಯುವವರೂ ಇದ್ದಾರೆ, ಅದು ಬೇರೆ ಮಾತು.

ಕಿಟಕಿ ಪಕ್ಕ ಕೂತ ಆ ಹೆಂಗಸಿನ ಹೊತ್ತನ್ನು ಬರೆದ ಗದ್ಯ ನಮಗಿನ್ನೂ ಸಿಕ್ಕಿಲ್ಲ. ಯಾರ ಹತ್ತಿರವಾದರೂ ಇದ್ದರೆ ಕಳಿಸಿ. ಗೊರೂರರ ಕೀಟಲೆಯಷ್ಟು ಸಲೀಸಾಗಿದ್ದರೆ ಇನ್ನೂ ಒಳ್ಳೇದು.