ಲಸಿಕೆ ಹಾಕಿಸಿದರೆ ಮುಗಿಯಿತೇ?

ಆಸ್ಪತ್ರೆ ಆಡಳಿತದ ಚರ್ಚೆಗಳಲ್ಲಿ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳಿಗೆ ದೊಡ್ಡ ಹೆಸರಿದೆ. ಬಣ್ಣದ ಚೀಲ, ಬಾರ್‌ಕೋಡ್ ವಿಷಯದಲ್ಲಿ ಆ ಹೆಸರು ನ್ಯಾಯವಾದದ್ದೇ. ಸಿಬ್ಬಂದಿಯನ್ನು ಹೆಪಟೈಟಿಸ್ ಬಿಯಿಂದ ಕಾಯುವ ವಿಷಯದಲ್ಲಿ ಮಾತ್ರ ಅದು ಸಲ್ಲದ ಹೊಗಳಿಕೆ.

ನಿಯಮಗಳಲ್ಲಿನ ಲಸಿಕೆಯ ಕಲಮನ್ನೇ ನೋಡೋಣ. ತ್ಯಾಜ್ಯ ಮುಟ್ಟುವ ಆರೋಗ್ಯ ಸಿಬ್ಬಂದಿಗೂ ಇತರರಿಗೂ ಹೆಪಟೈಟಿಸ್ ಬಿ, ಧನುರ್ವಾಯು ಮುಂತಾದವುಗಳ ವಿರುದ್ಧ ಲಸಿಕೆ ಹಾಕಿಸುವುದು ಆಸ್ಪತ್ರೆ ನಡೆಸುವವರ ಕರ್ತವ್ಯ ಎನ್ನುತ್ತದೆ ಅದು. ಕಸ ಗುಡಿಸುವವರನ್ನೂ ಒಳಗೊಂಡಿದ್ದು ಅದರ ದೊಡ್ಡ ಗುಣ. ಆದರೆ ಹಾಕಿಸುವ ಬಗೆಯನ್ನು ರಾಷ್ಟ್ರೀಯ ಲಸಿಕಾ ನೀತಿಗೋ ಆರೋಗ್ಯ ಸಚಿವಾಲಯದ ಮಾರ್ಗಸೂಚಿಗೋ ಒಪ್ಪಿಸಿ ಕಲಮು ಅಲ್ಲಿಗೇ ನಿಲ್ಲುತ್ತದೆ. ಈ ಲಸಿಕೆಯ ಕಷ್ಟ ಶುರುವಾಗುವುದೇ ಅಲ್ಲಿಂದ. ಮೊದಲ ಡೋಸ್ ಆದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಅಷ್ಟರೊಳಗೆ ಹೊರಗುತ್ತಿಗೆ ಏಜೆನ್ಸಿ ಬದಲಾದರೆ ಉಳಿದ ಡೋಸನ್ನು ನೆನಪಿಟ್ಟು ಹಾಕಿಸುವವರು ಯಾರು? ಕಲಮು ಹೇಳುವುದಿಲ್ಲ. ಮೂರೂ ಡೋಸ್ ಪಡೆದ ವಯಸ್ಕರಲ್ಲೂ ಕೆಲವರ ರಕ್ತದಲ್ಲಿ ಸಾಕಷ್ಟು ಪ್ರತಿಕಾಯ ಹುಟ್ಟುವುದಿಲ್ಲ. ಅದಕ್ಕಾಗಿಯೇ ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಟೈಟರ್, ಅಂದರೆ ರಕ್ತದಲ್ಲಿನ ಪ್ರತಿಕಾಯದ ಮಟ್ಟ, ನೋಡಬೇಕು, ಅದು ಲೀಟರಿಗೆ 10 ಅಂತರರಾಷ್ಟ್ರೀಯ ಯೂನಿಟ್ ಮುಟ್ಟಿರಬೇಕು. ಆ ಪರೀಕ್ಷೆಯ ಮಾತೇ ಕಲಮಿನಲ್ಲಿಲ್ಲ.

ಇದು ಕಾಗದದ ಮೇಲಿನ ತಕರಾರಲ್ಲ. ವೈರಸ್ಸು ತೀವ್ರವಾಗಿ ಹರಡುವ ಸ್ಥಿತಿಯಲ್ಲಿರುವ ರೋಗಿಗೆ ಚುಚ್ಚಿದ ಸೂಜಿ ಲಸಿಕೆ ಇಲ್ಲದವರಿಗೆ ತಗುಲಿದರೆ ನೂರರಲ್ಲಿ ಮೂವತ್ತು ಮಂದಿಗೆ ಸೋಂಕು ಬರಬಹುದು; ಎಚ್‌ಐವಿಯಲ್ಲಿ ಈ ಅಪಾಯ ಸಾವಿರಕ್ಕೆ ಮೂರು. ಸೂಜಿ ಚುಚ್ಚಿಸಿಕೊಂಡ ಸ್ಟಾಫ್ ನರ್ಸ್‌ಗೆ ಇಮ್ಯುನೊಗ್ಲಾಬ್ಯುಲಿನ್ ಕೂಡಲೇ ಬೇಕೋ ಬೇಡವೋ ಎಂದು ತೀರ್ಮಾನಿಸಲು ಆಕೆಯ ಟೈಟರ್ ಗೊತ್ತಿರಬೇಕು.

ಇಲ್ಲಿ ನನ್ನ ಜಗಳ ಇನ್ನೊಂದು ಗುಂಪಿನೊಂದಿಗೂ ಇದೆ. ವೈದ್ಯಕೀಯ ಪತ್ರಿಕೆಗಳಲ್ಲಿ ಸಿಬ್ಬಂದಿಗೆ ಪ್ರಶ್ನಾವಳಿ ಹಂಚಿ, ಕೊನೆಗೆ ‘ಅರಿವು ಮೂಡಿಸಬೇಕು’ ಎಂದು ಬರೆದು ಮುಗಿಸುವ ಲೇಖಕರು ಇವರು. ಹೊಣೆ ಇರುವುದು ಸಂಸ್ಥೆಯ ಮೇಲೆ. ಇವರು ಅದನ್ನು ವಾರ್ಡ್ ಆಯಾಳ ಅಜ್ಞಾನದ ತಲೆಗೆ ಕಟ್ಟುತ್ತಾರೆ. ಎರಡನೇ ಡೋಸಿಗೆ ರಜೆ ಸಿಗದ ಲ್ಯಾಬ್ ಟೆಕ್ನಿಷಿಯನ್‌ಗೆ ಅರಿವಿನ ಕೊರತೆ ಇದೆ ಎನ್ನುವುದು ಅನ್ಯಾಯ. ರಕ್ತದಿಂದ ಹರಡುವ ರೋಗಾಣುಗಳ ಕುರಿತ 1991ರ ಅಮೆರಿಕದ ನಿಯಮ ಈ ದಾರಿ ಹಿಡಿಯಲಿಲ್ಲ. ಕೆಲಸಕ್ಕೆ ಹಚ್ಚಿದ ಹತ್ತು ಕೆಲಸದ ದಿನಗಳೊಳಗೆ ಮಾಲೀಕನೇ ಉಚಿತವಾಗಿ ಲಸಿಕೆ ಒದಗಿಸಬೇಕು, ಬೇಡವೆಂದವರಿಂದ ಅದನ್ನು ಬರಹದಲ್ಲಿ ಪಡೆಯಬೇಕು, ಅವರು ಮನಸ್ಸು ಬದಲಿಸಿದರೆ ಆಗಲೂ ಕೊಡಬೇಕು ಎಂದಿತು. ಹೊಣೆ ಯಾರದೆಂಬ ಅನುಮಾನಕ್ಕೇ ಅಲ್ಲಿ ಜಾಗವಿಲ್ಲ.

2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರೋಗ್ಯ ಸಿಬ್ಬಂದಿಯ ಲಸಿಕೆಯನ್ನೂ ಸೇರಿಸಿಕೊಂಡಿದೆ. ಹಾಗಾಗಿ ಲಸಿಕೆ ಇಲ್ಲವೆಂಬ ನೆಪ ನಡೆಯದು. ನಿಯಮಕ್ಕೆ ಬೇಕಾದ ತಿದ್ದುಪಡಿ ಇಷ್ಟೇ: ಪ್ರತಿ ಕೆಲಸಗಾರರ ಮೂರು ಡೋಸಿನ ದಿನಾಂಕ, ಟೈಟರ್ ಸಂಖ್ಯೆ ದಾಖಲಾಗಬೇಕು, ಅವಿಲ್ಲದೆ ಹೊರಗುತ್ತಿಗೆ ಏಜೆನ್ಸಿಯ ಬಿಲ್ ಪಾಸಾಗಬಾರದು.