ಸ್ಪ್ರಿಂಗನ್ನು ನಂಬದ ಎಂಜಿನ್

1974ರ ಡುಕಾಟಿ 750 ಸೂಪರ್ ಸ್ಪೋರ್ಟ್ ಹರಾಜಿಗೆ ಬಂದಾಗಲೆಲ್ಲ ಅದರ ಬೆಲೆ ಕೇಳಿ ಜನ ಹುಬ್ಬೇರಿಸುತ್ತಾರೆ. ಬೆಳ್ಳಿ ಬಣ್ಣದ ಟ್ಯಾಂಕು, ನೀಲಿ ಬೆರೆತ ಹಸಿರು ಚಾಸಿ. ಆ ವರ್ಷ ತಯಾರಾದದ್ದೇ ಸುಮಾರು ನಾನೂರು. ಅಪರೂಪದ್ದು, ಅದಕ್ಕೇ ದುಬಾರಿ ಎನ್ನುತ್ತಾರೆ. ಯಾರೂ ಕೊಳ್ಳದೆ ಅಪರೂಪವಾದ ಬೈಕುಗಳೂ ಬೇಕಾದಷ್ಟಿವೆ. ಅವನ್ನು ಇಂದಿಗೂ ಯಾರೂ ಕೇಳುವುದಿಲ್ಲ. ಇದರ ಬೆಲೆಗೆ ಕಾರಣ ಎಂಜಿನ್ನಿನ ತಲೆಯೊಳಗಿದೆ.

ಸಾಮಾನ್ಯ ಎಂಜಿನ್ನಿನಲ್ಲಿ ವಾಲ್ವ್ ತೆರೆಯುವುದು ಕ್ಯಾಮ್, ಮುಚ್ಚುವುದು ಸ್ಪ್ರಿಂಗ್. ವೇಗ ಮಿತಿಮೀರಿದರೆ ಸ್ಪ್ರಿಂಗ್ ಹಿಂದೆ ಬೀಳುತ್ತದೆ. ವಾಲ್ವ್ ಕೂರುವಷ್ಟರಲ್ಲಿ ಪಿಸ್ಟನ್ ಮೇಲೆ ಬಂದಿರುತ್ತದೆ. ಮುಂದಿನದನ್ನು ಮೆಕ್ಯಾನಿಕ್ ಬಿಲ್ಲಿನಲ್ಲಿ ನೋಡಬಹುದು. ಡುಕಾಟಿಯ ಎಂಜಿನಿಯರ್ ಫಾಬಿಯೊ ತಾಲಿಯೋನಿ ಮುಚ್ಚುವ ಕೆಲಸವನ್ನೂ ಕ್ಯಾಮಿಗೇ ವಹಿಸಿದರು. ಒಂದು ರಾಕರ್ ವಾಲ್ವನ್ನು ಒತ್ತಿ ತೆರೆದರೆ, ಕವಲೊಡೆದ ತುದಿಯ ಇನ್ನೊಂದು ಅದನ್ನು ಮೇಲಕ್ಕೆಳೆದು ಮುಚ್ಚುತ್ತದೆ. ಇದಕ್ಕೆ ಡೆಸ್ಮೊಡ್ರೊಮಿಕ್ ಎಂಬ ಉದ್ದನೆಯ ಹೆಸರು. ಬೈಕ್ ಪ್ರಿಯರ ಬಾಯಲ್ಲಿ ಬರೀ ಡೆಸ್ಮೊ. ಉಪಾಯ ತಾಲಿಯೋನಿಯವರದೇ ಎನ್ನಲಾಗದು, 1954ರ ಮರ್ಸಿಡಿಸ್ ರೇಸ್ ಕಾರಿನಲ್ಲೂ ಇತ್ತು. ಮರ್ಸಿಡಿಸ್‌ನವರು ಅದನ್ನು ಕೈಬಿಟ್ಟರು, ಬೊಲೋನ್ಯಾದ ಡುಕಾಟಿಯವರು ಬಿಡಲಿಲ್ಲ.

ಈ ಹಟಕ್ಕೆ ಫಲ ಸಿಕ್ಕಿದ್ದು 1972ರ ಏಪ್ರಿಲ್ 23ರಂದು, ಇಮೋಲಾದ 200 ಮೈಲಿ ರೇಸಿನಲ್ಲಿ. ಎದುರಿಗಿದ್ದದ್ದು ಎಂವಿ ಅಗುಸ್ಟಾ ಮೇಲೆ ಕೂತ ವಿಶ್ವ ಚಾಂಪಿಯನ್ ಜಾಕೊಮೊ ಅಗಸ್ಟೀನಿ. ಡುಕಾಟಿಗೆ ದೊಡ್ಡ ಸವಾರರು ಸುಲಭವಾಗಿ ಸಿಗಲಿಲ್ಲ. ಇಂಗ್ಲೆಂಡಿನ ಪಾಲ್ ಸ್ಮಾರ್ಟ್ ಮನೆಗೆ ಫೋನ್ ಬಂದಾಗ ಅವರು ಅಮೆರಿಕದಲ್ಲಿದ್ದರು. ಅವರ ಪರವಾಗಿ ಹೂಂ ಎಂದವರು ಹೆಂಡತಿ ಮ್ಯಾಗಿ. ಬ್ಯಾರಿ ಶೀನ್ ಎಂಬ ಮಹಾ ಸವಾರನ ಅಕ್ಕ, ರೇಸು ಗೊತ್ತಿದ್ದ ಮನೆಯವರೇ. ಸ್ಮಾರ್ಟ್ ಬಂದು ನೋಡಿದರೆ ಉದ್ದನೆಯ, ಭಾರಿ ಗಾತ್ರದ ಬೈಕು. ರಸ್ತೆ ಬೈಕಿನ ಚಾಸಿಯನ್ನೇ ರೇಸಿಗೆ ತಂದಿದ್ದರು, ಸೆಂಟರ್ ಸ್ಟ್ಯಾಂಡ್ ಸಿಕ್ಕಿಸುವ ಕಿವಿಗಳೂ ಹಾಗೇ ಇದ್ದವು! ಆ ದಿನ ಸ್ಮಾರ್ಟ್ ಮೊದಲಿಗರಾದರು, ಡುಕಾಟಿಯ ಹಳಬ ಬ್ರೂನೊ ಸ್ಪಜ್ಜಾರಿ ಎರಡನೆಯವರು. ಅಗಸ್ಟೀನಿ ಅರ್ಧದಲ್ಲೇ ನಿಂತರು.

ಎರಡು ವರ್ಷದ ಮೇಲೆ ಮಾರುಕಟ್ಟೆಗೆ ಬಂದ 750 ಸೂಪರ್ ಸ್ಪೋರ್ಟ್ ಆ ಬೈಕಿನ ಒಡಹುಟ್ಟು. 748 ಸಿಸಿ, ಎರಡು ಸಿಲಿಂಡರು: ಒಂದು ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರ, ಇನ್ನೊಂದು ಆಕಾಶ ನೋಡುತ್ತದೆ. 40 ಮಿ.ಮೀ. ಡೆಲೋರ್ಟೊ ಕಾರ್ಬುರೇಟರು, ಸೌಮ್ಯತೆಯ ಹಂಗಿಲ್ಲದ ಕೊಂಟಿ ಸೈಲೆನ್ಸರು. ಸೆಲ್ಫ್ ಸ್ಟಾರ್ಟ್ ಇಲ್ಲ, ಇಂಡಿಕೇಟರ್ ಇಲ್ಲ. ಫೈಬರ್‌ಗ್ಲಾಸ್ ಟ್ಯಾಂಕಿನ ಪಕ್ಕದಲ್ಲಿ ಮಾತ್ರ ಬಣ್ಣ ಬಳಿಯದ ಒಂದು ಪಟ್ಟಿ, ಒಳಗೆ ಪೆಟ್ರೋಲು ಎಷ್ಟಿದೆಯೆಂದು ಕಣ್ಣಿಗೇ ಕಾಣುತ್ತದೆ. ರೇಸಿನ ಪಿಟ್‌ನಲ್ಲಿ ಬೇಕಾದ ಅನುಕೂಲವದು. ಅಲಂಕಾರವೆಂದು ನನಗೆ ಕಂಡದ್ದೆಲ್ಲ ಈ ಬೈಕಿನಲ್ಲಿ ಹೀಗೇ, ಕೆಲಸದ ವಸ್ತುವಾಗಿ ಹೊರಬೀಳುತ್ತದೆ.

ಒಡೆಯನಿಗೆ ಸುಖ ಕಡಿಮೆ ಎನ್ನುವುದನ್ನು ಮುಚ್ಚಿಡುವುದಿಲ್ಲ. ಕ್ಯಾಮಿಗೆ ಚೈನ್ ಇಲ್ಲ, ಬೆಲ್ಟ್ ಇಲ್ಲ. ಶಾಫ್ಟು ಮತ್ತು ಬೆವೆಲ್ ಗೇರುಗಳೇ ತಿರುಗಿಸಬೇಕು. ಆ ಹಲ್ಲುಗಳು ಸರಿಯಾಗಿ ಕಚ್ಚಿಕೊಳ್ಳಲು ತೆಳ್ಳನೆಯ ಶಿಮ್ ಒಂದೊಂದಾಗಿ ಹಾಕಿ, ತೆಗೆದು, ಮತ್ತೆ ಹಾಕಿ ನೋಡುತ್ತ ಕೂರಬೇಕು. ಪ್ರತಿ ವಾಲ್ವಿಗೂ ತೆರೆಯುವ ಅಂತರ ಒಂದು, ಮುಚ್ಚುವ ಅಂತರ ಇನ್ನೊಂದು. ಇದರ ಮೇಲೆ ಎಥೆನಾಲ್ ಬೆರೆತ ಇಂದಿನ ಪೆಟ್ರೋಲು ಫೈಬರ್‌ಗ್ಲಾಸ್ ಟ್ಯಾಂಕಿನ ರಾಳವನ್ನು ಮೆತ್ತಗಾಗಿಸಿ ಕಾರ್ಬುರೇಟರಿಗೆ ಇಳಿಸುತ್ತದೆ. ಹೊರದೇಶದಲ್ಲಿ ಇದನ್ನು ಓಡಿಸುವವರು ಎಷ್ಟೋ ಜನ ಅಲ್ಯುಮಿನಿಯಂ ಟ್ಯಾಂಕು ಕೂರಿಸಿ, ಮೂಲದ್ದನ್ನು ಗೋಡೆಗೆ ತೂಗುಹಾಕಿದ್ದಾರೆ. ಶುದ್ಧವಾದಿಗಳು ಮೂಗು ಮುರಿಯಲಿ, ಅದೇ ಸರಿ.

ಸಂಗ್ರಾಹಕರಿಗೆ ಒಂದು ಕಿವಿಮಾತು. ಅದೇ ಕಾಲದ 750 ಜಿಟಿ, 750 ಸ್ಪೋರ್ಟ್‌ಗಳಿಗೂ ಹೆಚ್ಚುಕಡಿಮೆ ಇದೇ ದೇಹ. ವಾಲ್ವ್ ಮುಚ್ಚುವುದು ಮಾತ್ರ ಸ್ಪ್ರಿಂಗು. ಹಸಿರು ಬಣ್ಣ ಬಳಿದರೆ ದೂರದಿಂದ ಗುರುತು ಸಿಗುವುದಿಲ್ಲ. ಚಾಸಿ ನಂಬರು, ಎಂಜಿನ್ ನಂಬರು ತಾಳೆ ನೋಡದೆ ಮುಂಗಡ ಕೊಡಬೇಡಿ. ಓಡಿಸುವ ಆಸೆಯಷ್ಟೇ ಇರುವವರು ಆ ಸ್ಪ್ರಿಂಗಿನ 750 ಸ್ಪೋರ್ಟನ್ನೇ ಕೊಳ್ಳಲಿ: ಬೆಲೆ ಎಷ್ಟೋ ಕಡಿಮೆ, ರಿಪೇರಿಯ ತಲೆನೋವೂ ಕಡಿಮೆ.