ಶರೀಫರ ಪದ, ಗಿಟಾರಿನ ಮೇಳ

ವಾಚನಾಲಯದ ಹುಡುಗರು ಮನಿಗಿ ಬಂದು, "ಕಾಕಾ, ಈ ವರ್ಷದ ಪುಸ್ತಕಕ್ಕ ನಿಮಗ ಸೇರಿದ ಹಾಡಿನ ಮ್ಯಾಲ ಏನರೆ ಬರೀರಿ" ಅಂದರು. ನಾನು ಡೊಳ್ಳಿನ ಪದದ ಬಗ್ಗೆನೋ ಗುಡ್ಡಾಪುರ ದಾನಮ್ಮನ ಪದದ ಬಗ್ಗೆನೋ ಬರೀತೀನಿ ಅಂತ ಅವರು ತಿಳಕೊಂಡಿರಬೇಕು. ಆದ್ರ ನಾ ಬರೆಯಾಕ ಕುಂತದ್ದು ಬೆಂಗಳೂರಿನ ಒಂದು ಗಿಟಾರಿನ ಮೇಳದ ಬಗ್ಗೆ. ಅದರ ಹೆಸರು ರಘು ದೀಕ್ಷಿತ್ ಪ್ರಾಜೆಕ್ಟ್. ನಾನು ಏಳನೇ ಇಯತ್ತೆ ಕಲಿತಾಂವ. ನಲವತ್ತು ವರ್ಷ ಭಜನಿಯೊಳಗ ತಾಳಾ ಹಿಡಿದು ತತ್ವಪದ ಹಾಡೀನಿ. ಸಂಗೀತ ಶಾಸ್ತ್ರ ನನಗ ಗೊತ್ತಿಲ್ಲ. ಪದ ಯಾವಾಗ ಎದಿಗಿ ಮುಟ್ಟತೈತಿ, ಯಾವಾಗ ಒಂದು ಕಿವಿಯಾಗ ಹೊಕ್ಕು ಇನ್ನೊಂದು ಕಿವಿಲೆ ಹೊರಗ ಹೋಗತೈತಿ ಅನ್ನೂದು ಅಷ್ಟ ಗೊತ್ತೈತಿ. ಆ ಅಳತಿ ಹಿಡಿದೇ ಇಲ್ಲಿ ಬರದೀನಿ. ತಪ್ಪಿದ್ದರ ತಿಳಿದವರು ಹೊಟ್ಟ್ಯಾಗ ಹಾಕ್ಕೋರಿ.

ಮೊದಲ ನನ್ನ ತಪ್ಪು ಹೇಳತೀನಿ. ಏಳೆಂಟು ವರ್ಷದ ಹಿಂದ ಶಿವರಾತ್ರಿ ಜಾಗರಣಿ ಇತ್ತು. ನಮ್ಮ ಓಣಿಯ ಒಬ್ಬ ಹುಡುಗ, ವಿಜಯಪುರದಾಗ ಕಾಲೇಜ ಕಲಿತಿದ್ದ. ನನ್ನ ಬಾಜೂಕ ಬಂದು ಕುಂತು ಶಿಶುನಾಳ ಶರೀಫರ ಗುಡಗುಡಿ ಪದ ಎತ್ತಿಕೊಂಡ. ಧಾಟಿ ನಮ್ಮದಲ್ಲ. ಜೋರಾಗಿ, ಓಡಿಸಿಕೊಂಡು ಹಾಡಿದ. ಸಣ್ಣ ಹುಡುಗರು ಎದ್ದು ಚಪ್ಪಾಳಿ ಹೊಡೆದರು. ನನಗ ಸಿಟ್ಟು ಬಂತು. ನಡು ಪದದಾಗ ತಾಳಾ ಕೆಳಗಿಟ್ಟು, "ಇದು ಭಜನಿ ಐತಿ, ಆರ್ಕೆಸ್ಟ್ರಾ ಅಲ್ಲ" ಅಂದೆ. ಹುಡುಗ ಏನೂ ಮಾತಾಡಲಿಲ್ಲ. ಎದ್ದು ಹೋದ. ಮತ್ತ ಭಜನಿಗಿ ಬರಲಿಲ್ಲ. ಆಗ ನಾವು ಹನ್ನೊಂದು ಮಂದಿ ಇದ್ದಿವಿ. ಈಗ ನಾಲ್ಕು ಮಂದಿ ಅದೀವಿ. ಪೇಟಿ ಬಾರಿಸುವವರು ತೀರಿಕೊಂಡ ಮ್ಯಾಲ ಪೇಟಿ ಗುಡಿಯ ಮೂಲಿ ಹಿಡಿದೈತಿ.

ಆ ಹುಡುಗ ಹಾಡಿದ್ದು ಈ ಬ್ಯಾಂಡಿನ ಧಾಟಿ ಅಂತ ನನಗ ತಿಳಿದದ್ದು ಹೋದ ವರ್ಷ. ಪುಣೆಯಾಗ ಕೆಲಸಕ್ಕಿರೋ ನನ್ನ ಮೊಮ್ಮಗ ಸೂಟಿಗಿ ಬಂದಿದ್ದ. ರಾತ್ರಿ ಪಾಳಿಯ ಕರೆಂಟ್ ಇತ್ತು. ದಾಳಿಂಬಿ ಗಿಡಕ್ಕ ನೀರು ಬಿಟ್ಟು ಇಬ್ಬರೂ ಬದುವಿನ ಮ್ಯಾಲ ಕುಂತಿದ್ದಿವಿ. ಅವ ಮೊಬೈಲಿನಾಗ ಪದ ಹಚ್ಚಿದ. ನಾ ಬಾಯಿ ತಗೀತಿದ್ದಂಗ, "ಮುತ್ಯಾ, ಬೈಯೂದು ಆಮ್ಯಾಲ. ಮೊದಲ ಪೂರ್ತಿ ಕೇಳು" ಅಂದ. ನಾನು ಹಿಂದ ಆ ಧಾಟಿ ಪೂರ್ತಿ ಕೇಳಿರಲೇ ಇಲ್ಲ. ಕೇಳದೇ ತಾಳಾ ಇಟ್ಟಿದ್ದೆ.

ಈ ರಘು ದೀಕ್ಷಿತ್ ಅಂಬವರು ನಾಶಿಕದಾಗ ಹುಟ್ಟಿ ಮೈಸೂರಾಗ ಬೆಳೆದವರು. ಸೂಕ್ಷ್ಮಜೀವಿಗಳ ಶಾಸ್ತ್ರ ಓದ್ಯಾರ, ಭರತನಾಟ್ಯ ಕಲಿತಾರ. ಮೊದಲ ಅಂತರಾಗ್ನಿ ಅಂತ ಬ್ಯಾಂಡ್ ಕಟ್ಟಿದ್ದರು. 2008ರಾಗ ಇವರ ಮೊದಲನೇ ಆಲ್ಬಮ್ ಬಂತು. 2010ರಾಗ ಇಂಗ್ಲೆಂಡಿನ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಾಗೂ ಹಾಡಿದರು. ಪರದೇಶದ ಮಂದಿಯ ಮುಂದ ಗಿಟಾರ್, ಪಿಟೀಲು, ಡ್ರಮ್ ಇಟಗೊಂಡು ಶಿಗ್ಗಾವಿ ಸೀಮಿಯ ಶರೀಫರ ಪದ ಹಾಡತಾರ. ಮೊಮ್ಮಗ ವಿಡಿಯೋ ತೋರಿಸಿದಾಗ ನನ್ನ ಕಣ್ಣು ಮೊದಲ ಹೋದದ್ದು ಅವರ ಕಾಲಿಗಿ. ಲುಂಗಿ ಉಟ್ಟು ಕಾಲಿಗಿ ಗೆಜ್ಜಿ ಕಟ್ಟ್ಯಾರ. ನಮ್ಮ ಗೊಂದಲಿಗರು ಕಟ್ಟೂದು ಗೆಜ್ಜಿನೇ. ಗೆಜ್ಜಿ ಕಟ್ಟಿದಾಂವ ಬರೇ ಬಾಯಿಲೆ ಹಾಡೂದಿಲ್ಲ, ಮೈಯೆಲ್ಲಾ ಹಾಡತಾನ. ಅಲ್ಲಿಗಿ ನನ್ನ ಸಿಟ್ಟು ಅರ್ಧ ಇಳೀತು.

ಈಗ ಗುಡಗುಡಿ ಪದಕ್ಕ ಬರತೀನಿ. ಶರೀಫರು ಇಲ್ಲಿ ಸೇದು ಅನ್ನೂದು ತಂಬಾಕಲ್ಲ. ಸಂಚಿ, ಚಿಲಿಮಿ, ಬೆಂಕಿ ಒಂದೊಂದಕ್ಕೂ ಮನಸ್ಸಿನ ಒಂದೊಂದು ಗುಣಾ ಜೋಡಿಸಿ, ಒಳಗಿನ ಹೊಲಸು ಸುಟ್ಟು ಹೊಗಿ ಮಾಡಂತಾರ. ನಾವು ಭಜನಿಯೊಳಗ ಈ ಪದ ಹಾಡೂಮುಂದ ಮಾರಿ ಗಂಟ ಹಾಕ್ಕೊಂಡು, ಕಣ್ಣು ಮುಚ್ಚಿ, ಯಾರೋ ಸತ್ತಾಗ ಹಾಡಿದಂಗ ಹಾಡತೀವಿ. ಬ್ಯಾಂಡಿನವರದು ಕೇಳಿದಾಗ ನನಗ ನಮ್ಮೂರ ಹಳೇ ಚಾವಡಿ ಕಟ್ಟಿ ನೆನಪಾತು. ಚಿಲಿಮಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗಿ ಹೋಗೂ ವಸ್ತು. ಅದು ಇದ್ದಲ್ಲಿ ನಗಿ, ಚ್ಯಾಷ್ಟಿ, ಬೈಗುಳ ಎಲ್ಲಾ ಇರತೈತಿ. ಅಂಥಾ ಕಟ್ಟಿಯ ಮಾತು ಹಿಡಕೊಂಡೇ ಶರೀಫರು ತತ್ವ ಹೇಳ್ಯಾರ. ನಾವು ತತ್ವ ಇಟಕೊಂಡು ಕಟ್ಟಿ ಮರತಿದ್ದಿವಿ. ಈ ಹುಡುಗರು ಆ ನಗಿ ತಿರುಗಿ ತಂದಾರ. ಆದ್ರ ಓಟದಾಗ ಒಂದು ಕಳದೈತಿ. ಸಂಚಿ ಬಿಚ್ಚಬೇಕು, ಚಿಲಿಮಿ ತುಂಬಬೇಕು, ಬೆಂಕಿ ಇಡಬೇಕು. ಒಂದೊಂದಕ್ಕೂ ಹೊತ್ತು ಹಿಡೀತೈತಿ. ಬ್ಯಾಂಡಿನ ವೇಗದಾಗ ಪಲ್ಲವಿ ಎಲ್ಲರ ಬಾಯಾಗ ಉಳೀತು, ನುಡಿ ಓಡಿ ಹೋದವು. ಕುಣಿದ ಮಂದಿಯಾಗ ನಾಲ್ಕು ಮಂದಿ ಮನಿಗಿ ಹೋಗಿ ನುಡಿ ಹುಡುಕಿ ಓದಿದರ ನನ್ನ ತಕರಾರಿಲ್ಲ.

ಇಲ್ಲಿ ಇನ್ನೊಂದು ಮಾತು ಒಪ್ಪಿಕೋಬೇಕು. "ನಮ್ಮ ಧಾಟಿ" ಅಂತ ಆ ರಾತ್ರಿ ನಾ ಸಿಟ್ಟಿಗೆದ್ದೆನಲ್ಲ, ಆ ಧಾಟಿ ಪೂರಾ ನಮ್ಮದೇನ? 1990ರಾಗ ಟಿ.ಎಸ್. ನಾಗಾಭರಣ ಅವರ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂತು. ಶ್ರೀಧರ್ ಶರೀಫರಾಗಿದ್ದರು, ಗಿರೀಶ್ ಕಾರ್ನಾಡ್ ಗುರು ಗೋವಿಂದಭಟ್ಟರಾಗಿದ್ದರು. ಸಂಗೀತ ಸಿ. ಅಶ್ವತ್ಥ್ ಅವರದು. ಅವರ ಕ್ಯಾಸೆಟ್ಟು ತಂದು, ರೀಲು ಜೋಲು ಬೀಳೂತನಕ ಕೇಳಿ, ನಾನು ನಾಲ್ಕೈದು ಪದದ ಧಾಟಿ ತಿದ್ದಿಕೊಂಡೆ. ನನಗ ಪದ ಕಲಿಸಿದ ನಮ್ಮ ದೊಡ್ಡಪ್ಪ ಅದನ್ನ ಕೇಳಿ, "ಇದು ಸಿನಿಮಾ ಪದ ಆತಲ್ಲೋ ತಮ್ಮಾ" ಅಂದಿದ್ದ. ಆದ್ರ ದೊಡ್ಡಪ್ಪ ತಾಳಾ ಕೆಳಗಿಡಲಿಲ್ಲ. ಮೋತಿ ಸಣ್ಣದು ಮಾಡಿಕೊಂಡೇ ಹಿಂದ ಹಾಡಿದ. ಅವಗೂ ನನಗೂ ಇರೋ ಫರಕು ಇದು.

ಎರಡನೇದು ಮಾಳಿಗಿ ಸೋರೂ ಪದ. ಇದನ್ನೂ ಬ್ಯಾಂಡಿನವರು ಹಾಡ್ಯಾರ. ಈ ಪದದ ವಿಷಯದಾಗ ನಾ ಪಕ್ಷಪಾತಿ. ಯಾಕಂತ ಹೇಳತೀನಿ. ನಮ್ಮ ಜತ್ತ ತಾಲೂಕು ಬರದ ಸೀಮಿ. 1972ರ ದೊಡ್ಡ ಬರದಾಗ ನಾ ಸಣ್ಣ ಹುಡುಗ. ಅವ್ವ ಅಪ್ಪ ಬರಗಾಲದ ಕೆಲಸಕ್ಕ ಖಡಿ ಒಡೆಯಾಕ ಹೋಗತಿದ್ದರು. ಮಾಳಿಗಿ ಮನಿ ಇದ್ದವರಿಗಿ ಗೊತ್ತಿರತೈತಿ, ಮಿರಗದ ಮಳಿಗಿಂತ ಮೊದಲ ವರ್ಷಾ ಮ್ಯಾಲ ಹಾಳಮಣ್ಣು ಹಾಕಿ ಬಡಿಯಬೇಕು. ಮಳಿನೇ ಬರದ ವರ್ಷ ಮಣ್ಣು ಯಾರು ಹಾಕತಾರ? ಒಂದು ವರ್ಷ ಬಿಟ್ಟಿವಿ, ಎರಡು ವರ್ಷ ಬಿಟ್ಟಿವಿ. ಮುಂದ ಮಳಿ ಬಂತು. ಊರೆಲ್ಲಾ ಕುಣಿದಾಡಿತು. ಅದೇ ರಾತ್ರಿ ನಮ್ಮ ಮಾಳಿಗಿ ಸೋರಿತು. ಹಿಟ್ಟಿನ ಡಬ್ಬಿ ಎಲ್ಲಿ ಇಡಬೇಕು, ಕೂಸಿನ ಎಲ್ಲಿ ಮಲಗಿಸಬೇಕು ತಿಳೀಲಿಲ್ಲ. ಕಂದೀಲು ಹಿಡಿದು ಕುಂತ ದೊಡ್ಡಪ್ಪ ಆ ಪದ ಹಾಡಿದ.

ಆವತ್ತು ನನಗ ತಿಳಿದ ಅರ್ಥ ಇವತ್ತಿಗೂ ಬದಲಾಗಿಲ್ಲ. ಶರೀಫರು ಆ ಪದದಾಗ ಮಳಿಗಿ ಬೈದಿಲ್ಲ. ಮಳಿ ಬಂದದ್ದು ಪುಣ್ಯ. ಬರ ಇದ್ದಾಗ ಮಣ್ಣು ಹಾಕದೇ ಬಿಟ್ಟೆವಲ್ಲ, ಅದಕ್ಕ ಅಜ್ಞಾನ ಅಂದಾರ. ಒಳ್ಳೇದು ಬಂದಾಗ ಹಿಡಕೊಳ್ಳಾಕ ಮನಿ ತಯಾರ ಇರಲಿಲ್ಲ ಅನ್ನೂ ಸಂಕಟ ಅದು. ದೊಡ್ಡಪ್ಪ ಪಲ್ಲವಿಗಿ ತಿರುಗೂ ಮುಂಚೆ ಒಂದು ಉಸುರು ತಗೋತಿದ್ದ. ಹಾಡು ನಿಲ್ಲತಿತ್ತು. ಆ ನಡುವ ಹನಿ ಬೀಳೂ ಸಪ್ಪಳ ಕೇಳತಿತ್ತು. ಅಶ್ವತ್ಥ್ ಅವರ ದನಿಯಾಗ ಗುಡುಗು ಐತಿ, ಬ್ಯಾಂಡಿನವರ ಹಾಡಿನಾಗ ಕಸುವು ಐತಿ. ಎರಡೂ ನನಗ ಸೇರತಾವ. ಆದ್ರ ಹನಿ ಬೀಳಾಕ ನನಗ ಬೇಕಾದಷ್ಟು ಜಾಗಾ ಅಲ್ಲಿ ಸಿಗಲಿಲ್ಲ.

ಇದನ್ನ ಮೊಮ್ಮಗನ ಮುಂದ ಹೇಳಿದೆ. ಅವ ನಕ್ಕು, "ಹಂಗಾರ ಇದನ್ನ ಕೇಳು" ಅಂತ ಅಮೆರಿಕಾದ ಒಂದು ಬ್ಯಾಂಡ್ ಹಚ್ಚಿದ. ನಿರ್ವಾಣ ಅಂತ ಹೆಸರು. ಹೆಸರು ನಮ್ಮ ದೇಶದ್ದು, ಮೇಳ ಸಿಯಾಟಲ್ ಸೀಮಿಯದು. ಇವರ ಹಾಡಿನ ರೀತಿಗಿ ಗ್ರಂಜ್ ಅಂತಾರಂತ. ಹರಕ ಅಂಗಿ, ಬಿಟ್ಟ ಕೂದಲ, ಕರ್ಕಶ ಗಿಟಾರ್. ಹಾಡಾಂವ ಕರ್ಟ್ ಕೋಬೇನ್. 1994ರಾಗ 27 ವರ್ಷಕ್ಕ ತಾನಾಗಿ ಜೀವ ಕಳಕೊಂಡ. ಅದಕ್ಕಿಂತ ಮೊದಲ, 1993ರ ನವೆಂಬರದಾಗ, ನ್ಯೂಯಾರ್ಕಿನಾಗ ಕರ್ಕಶ ವಾದ್ಯ ಎಲ್ಲಾ ಬದಿಗಿಟ್ಟು ಒಂದು ಸಂಜಿ ಹಾಡಿದ್ದ. ಕಡೀಕ ಹಾಡಿದ್ದು ತನ್ನ ಪದ ಅಲ್ಲ, ಆ ನಾಡಿನ ಹಳೇ ಜನಪದ. ಲೆಡ್ ಬೆಲಿ ಅಂತ ಒಬ್ಬ ಕರಿಯ ಹಾಡುಗಾರ ಅದನ್ನ ಹಾಡತಿದ್ದನಂತ. ಅವ ಜೇಲಿನ್ಯಾಗ ಇದ್ದಾಗ, ಪದ ಕೂಡಿಸಾಕ ಹೋದವರು ಅವನ ದನಿ ಹಿಡಿದು ತಂದರಂತ. ನಮ್ಮ ಹಲಸಂಗಿ ಗೆಳೆಯರು ಗರತಿಯರ ಹಾಡು ಬರಕೊಂಡು 1931ರಾಗ ಪುಸ್ತಕ ಮಾಡಿದ ಕಾಲವೂ ಹೆಚ್ಚುಕಮ್ಮಿ ಅದೇ.

ಇಂಗ್ಲಿಷ್ ನನಗ ಬರೂದಿಲ್ಲ. ಮೊಮ್ಮಗ ಅರ್ಥ ಹೇಳಿದ. ರಾತ್ರಿ ಎಲ್ಲಿದ್ದಿ ಅಂತ ಒಬ್ಬ ಹೆಣ್ಣಿಗಿ ಕೇಳತಾರ, ಅಕಿ ಉತ್ತರ ಕೊಡತಾಳ. ಅಂದ್ರ ನಮ್ಮ ಹರದೇಶಿ ನಾಗೇಶಿಯ ಸವಾಲ್ ಜವಾಬ್ ಇದ್ದಂಗ. ಆದ್ರ ಇಲ್ಲಿ ಯಾರೂ ಗೆಲ್ಲೂದಿಲ್ಲ. ಕಡೀ ನುಡಿಗಿ ಆ ಹುಡುಗ ದನಿ ಮ್ಯಾಲ ಎತ್ತಿ ಚೀರಿದ. ಕಂಠ ಹರೀತು. ಮುಗಿಸೂ ಮೊದಲ ನಿಂತ. ಕಣ್ಣು ತೆರೆದ. ಒಂದು ಉಸುರು ತಗೊಂಡ. ಆಮ್ಯಾಲ ಮುಗಿಸಿದ. ನಾ ಮೊಬೈಲು ಹಿಡಿದು ಆ ಜಾಗಾ ನಾಲ್ಕು ಸಲ ತಿರುಗಿಸಿ ಕೇಳಿದೆ. ನಮ್ಮ ದೊಡ್ಡಪ್ಪನ ಉಸುರು ಅದು. ಸಾವಿರಾರು ಹರದಾರಿ ದೂರದ ಹುಡುಗಗ ಅದನ್ನ ಯಾರು ಕಲಿಸಿದರು? ಯಾರೂ ಕಲಿಸಿಲ್ಲ. ಹಳೇ ಪದ ಹಾಡಾಂವನ ಎದಿಯಾಗ ಪೂರಾ ಇಳಿದರ ಅದೇ ಆ ಜಾಗಾ ಕೇಳಿ ತಗೋತೈತಿ.

ಹಂಗಾಗಿ ನನ್ನ ಲೆಕ್ಕ ಇಷ್ಟು. ಪದಕ್ಕ ಪೇಟಿ ಇರಲಿ, ಗಿಟಾರ್ ಇರಲಿ, ಏಕತಾರಿ ಇರಲಿ, ಅದು ಉಡೂ ಬಟ್ಟಿ ಇದ್ದಂಗ. ಬಟ್ಟಿ ನೋಡಿ ಜಗಳಾ ತಗೀಬಾರದು. ನಿಂತು ಉಸುರು ತಗೋಳೂ ಜಾಗಾ ಉಳದೈತೋ ಇಲ್ಲೋ ನೋಡಬೇಕು. ಆ ಜಾಗದಾಗ ಕೇಳಾಂವ ಒಳಗ ಬರತಾನ. ಅದು ಮುಚ್ಚಿದರ ಮಂದಿ ಕುಣೀತಾರ, ಒಳಗ ಬರೂದಿಲ್ಲ.

ಕಡೀದು 'ಲೋಕದ ಕಾಳಜಿ'. ಬ್ಯಾಂಡಿನ 2013ರ 'ಜಗ್ ಚಂಗಾ' ಆಲ್ಬಮಿನಾಗ ಐತಿ. ಅವರು ಹಾಡಿದ ಶರೀಫರ ಪದದಾಗ ನನಗ ಎಲ್ಲಾಕಿಂತ ಸೇರಿದ್ದು ಇದೇ. ಇಲ್ಲಿ ವೇಗ ಪದಕ್ಕ ಒಪ್ಪತೈತಿ. ಲೋಕದ ಭಾರ ತಾನ ಹೊತ್ತೀನಿ ಅನ್ನಾಂವನ ಚ್ಯಾಷ್ಟಿ ಮಾಡೂ ಪದ ಇದು. ಚ್ಯಾಷ್ಟಿ ಸಾವಕಾಶ ಮಾಡಿದರ ಬುದ್ಧಿಮಾತು ಆಗತೈತಿ. ಮಂದಿ ಇದನ್ನ ಸಮಾಧಾನದ ಪದ ಅಂತಾರ. ನನಗ ಹಂಗ ಅನಸೂದಿಲ್ಲ. ಒಂದು ವರ್ಷ ದಾಳಿಂಬಿಗಿ ತೇಲ್ಯಾ ರೋಗ ಬಿದ್ದು ಸಾಲ ಮೈಮ್ಯಾಲ ಬಂದಾಗ ಈ ಪದ ಹಾಡಾಕ ನನಗ ಬಾಯಿ ಬರಲಿಲ್ಲ. ಕಾಳಜಿ ಮಾಡದಿದ್ದರ ಒಕ್ಕಲುತನ ಹೆಂಗ ನಡೀತೈತಿ? ದನಕ್ಕ ನೀರಿನ ಕಾಳಜಿ ಯಾರು ಮಾಡಬೇಕು? ಶರೀಫರ ಜೋಡಿ ಜಗಳಾಡಿ ಆ ವರ್ಷ ಈ ಪದ ಬಿಟ್ಟಿದ್ದೆ.

ಬದುವಿನ ಮ್ಯಾಲ ಕುಂತು ಬ್ಯಾಂಡಿನವರ ದನಿಯಾಗ ಕೇಳಿದಾಗ ಉತ್ತರ ಹೊಳೀತು. ದನಕ್ಕ ನೀರು ಕುಡಿಸೂದು ಕಾಳಜಿ ಅಲ್ಲ, ಕೆಲಸ. ಶರೀಫರು ನಗೂದು ಬ್ಯಾರೇ ಕಾಳಜಿಗಿ. ನಾ ಹೋದ ಮ್ಯಾಲ ಎಲ್ಲಾ ಮುಗೀತು, ನನ್ನಂಗ ಯಾರೂ ಮಾಡೂದಿಲ್ಲ ಅನ್ನೂ ಕಾಳಜಿ ಅದು. ದರಿಬಡಚಿಯ ಭಜನಿ ನನ್ನ ಹಿಂದೇ ಮುಗೀತೈತಿ ಅಂತ ನಾ ಏಳೆಂಟು ವರ್ಷದಿಂದ ಕಂಡಕಂಡವರ ಮುಂದ ಹೇಳಿಕೋತ ಬಂದೀನಿ. ಹಾಡಾಕ ಬಂದ ಹುಡುಗನ ನಾನೇ ಎಬ್ಬಿಸಿ ಕಳಿಸೀನಿ. ಆ ಪದ ನನ್ನ ಸಲುವಾಗೇ ಬರದಂಗ ಐತಿ.

ಹೋದ ದೀಪಾವಳಿಗಿ ಆ ಹುಡುಗ ಊರಿಗಿ ಬಂದಾಗ ಅವನ ಮನಿಗಿ ಹೋದೆ. ಈಗ ಅವನೂ ಎರಡು ಮಕ್ಕಳ ತಂದಿ. "ಬರ್ರಿ ಕಾಕಾ" ಅಂತ ಜಮಖಾನಿ ಹಾಸಿದ. "ತಮ್ಮಾ, ಅವತ್ತು ನಂದು ತಪ್ಪಾತು" ಅಂದೆ. ಅವ, "ಅದೆಲ್ಲಾ ಯಾವಾಗಿನ ಮಾತು ಬಿಡ್ರಿ" ಅಂದ. ಮರತಾನಂತ ನನಗ ಅನಸಲಿಲ್ಲ. ಶಿವರಾತ್ರಿಗಿ ಬಾ, ಬೇಕಾದರ ನಿನ್ನ ಧಾಟಿಯಾಗೇ ಹಾಡು ಅಂದೆ. ಸೂಟಿ ಸಿಕ್ಕರ ಬರತೀನಿ ಅಂದಾನ. ಗಿಟಾರ್ ತರಾಕ ನನ್ನ ಮೊಮ್ಮಗ ತಯಾರ ಅದಾನ. ನಂದು ಒಂದೇ ಕರಾರು. ಮಾಳಿಗಿ ಪದದಾಗ ಪಲ್ಲವಿಗಿ ತಿರುಗೂ ಮುಂಚೆ ಗಿಟಾರ್ ನಿಲ್ಲಬೇಕು. ಒಂದು ಉಸುರಿನಷ್ಟು. ಆ ಉಸುರು ನಾ ತಗೋತೀನಿ. ನಾ ಇಲ್ಲದಾಗ ಅವರು ತಗೊಳ್ಳಲಿ.

ಇದನ್ನ ಓದಿದವರು ಮೊಬೈಲಿನಾಗ ಆ ಬ್ಯಾಂಡಿನ ಪದ ಪೂರ್ತಿ ಕೇಳ್ರಿ, ನನ್ನಂಗ ನಡುವ ತಾಳಾ ಇಡಬ್ಯಾಡ್ರಿ. ಸೋಮವಾರ ರಾತ್ರಿ ಊಟ ಆದ ಮ್ಯಾಲ ಗುಡಿಗೂ ಬರ್ರಿ. ನಾಲ್ಕು ಮಂದಿ ಅದೀವಿ. ಪೇಟಿ ಖಾಲಿ ಐತಿ, ಬಾರಿಸಾಕ ಬರೂವರು ಇದ್ದರ ಬಾಳ ಚಲೋ.